ಕಷ್ಟದ ಹಾಸಿಗೆಯಿಂದ ದೇವರ ಕಡೆಗೆ: ತಿರುಗಿಕೊಳ್ಳುವುದು ಹೇಗೆ?

ನನ್ನದು ಸಣ್ಣ ಕಿರಾಣಿ ಅಂಗಡಿ. ಕೆಲವು ವರ್ಷಗಳ ಹಿಂದೆ ಮಳೆಯಲ್ಲಿ ಬೈಕ್ ಜಾರಿ ಬಿದ್ದೆ. ಎಡಗಾಲಿನ ಮೂಳೆ ಮುರಿಯಿತು. ಎರಡೂವರೆ ತಿಂಗಳು ಹಾಸಿಗೆಯೇ ಗತಿ. ಅಂಗಡಿಗೆ ಹೋಗುವ ಹಾಗಿಲ್ಲ, ಭಾನುವಾರ ಸಭೆಗೂ (ಚರ್ಚಿಗೂ) ಹೋಗುವ ಹಾಗಿಲ್ಲ. ಮೊದಲ ವಾರ ಫೋನ್ ನೋಡಿ ಕಳೆದೆ. ಎರಡನೇ ವಾರಕ್ಕೆ ಅದೂ ಸಾಕಾಯಿತು. ಆಮೇಲೆ ಸತ್ಯವೇದ, ಅಂದರೆ ಬೈಬಲ್, ತೆಗೆದೆ.

ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಒಂದು ಮಾತಿದೆ. ಕೆಲಸ ಮಾಡಿದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅಂತ. ಅದನ್ನು ಎಷ್ಟೋ ಸಾರಿ ಓದಿದ್ದೆ. ಅವತ್ತು ಮಾತ್ರ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ನನ್ನ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಯುವಕ ಜಗಳ ಮಾಡಿಕೊಂಡು ಬಿಟ್ಟುಹೋಗಿದ್ದ. ಅವನ ಕೊನೆಯ ತಿಂಗಳ ಸಂಬಳ 9,000 ರೂಪಾಯಿ ನಾನು ಕೊಟ್ಟಿರಲಿಲ್ಲ. ಹೇಳದೆ ಕೇಳದೆ ಹೋದವನಿಗೆ ಏನು ಕೊಡೋದು ಅಂದುಕೊಂಡು ಸುಮ್ಮನಿದ್ದೆ. ಅದಾಗಿ ಎರಡು ವರ್ಷವಾಗಿತ್ತು.

ಆ ಸಂಬಳಕ್ಕೆ ಶಿಕ್ಷೆಯಾಗಿ ಕಾಲು ಮುರಿಯಿತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಕಾಲು ಮುರಿದು ಮಲಗದಿದ್ದರೆ ಆ ಕೂಗು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಓಡಾಡುವ ಮನುಷ್ಯನಿಗೆ ಎಷ್ಟೋ ಸದ್ದು ಕೇಳಿಸುವುದೇ ಇಲ್ಲ.

ನೀವೂ ಈಗ ಅಂಥ ಒಂದು ಹಾಸಿಗೆಯ ಮೇಲಿರಬಹುದು. ಕಾಯಿಲೆ, ಸಾಲ, ಹೋದ ಕೆಲಸ, ಮುರಿದ ಸಂಬಂಧ, ಏನೇ ಇರಲಿ. ಈ ದಿನಗಳಲ್ಲಿ ದೇವರ ಕಡೆಗೆ ತಿರುಗಿಕೊಳ್ಳುವುದು ಹೇಗೆ ಅಂತ ನಾನು ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. 'ತಿರುಗಿಕೊಳ್ಳುವುದು' ಅಂತ ಬೇಕೆಂದೇ ಹೇಳುತ್ತಿದ್ದೇನೆ. ಪಶ್ಚಾತ್ತಾಪ ಅಂದರೆ ನಮಗೆ ಕಣ್ಣೀರು ನೆನಪಾಗುತ್ತದೆ. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಸ್ನಾನಿಕನಾದ ಯೋಹಾನನೂ ಯೇಸುವೂ ಹೇಳುವುದು 'ದೇವರ ಕಡೆಗೆ ತಿರುಗಿಕೊಳ್ಳಿರಿ' ಅಂತ. ಅದು ಕಾಲಿನ ಕೆಲಸ. ತಪ್ಪು ದಾರಿಯಲ್ಲಿ ಹೋಗುತ್ತಿದ್ದವನು ನಿಲ್ಲಬೇಕು, ತಿರುಗಬೇಕು, ನಡೆಯಬೇಕು.

1. 'ಯಾವ ಪಾಪಕ್ಕೆ ಈ ಶಿಕ್ಷೆ?' ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡಿ

ಮನೆಯಲ್ಲಿ ಯಾರಾದರೂ ಮಲಗಿದರೆ ಸಭೆಯವರು ಪ್ರಾರ್ಥನೆಗೆ ಬರುತ್ತಾರೆ. ಅದು ನಮ್ಮಲ್ಲಿರುವ ಒಳ್ಳೆಯ ರೂಢಿ. ಆದರೆ ಹೊರಡುವಾಗ ಒಬ್ಬರು ಬಾಗಿಲಲ್ಲಿ ನಿಂತು, 'ಏನಾದ್ರೂ ಪಾಪ ಇದ್ಯಾ ನೋಡ್ಕೊಳ್ಳಿ' ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸತ್ಯವೇದದಲ್ಲಿ, ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕ ಯೋಬನ ಸ್ನೇಹಿತರು ಪುಟಗಟ್ಟಲೆ ಇದನ್ನೇ ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರಲ್ಲೊಬ್ಬನಾದ ಎಲೀಫಜನ ಮೇಲೆ ಮತ್ತು ಅವನ ಇಬ್ಬರು ಗೆಳೆಯರ ಮೇಲೆ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು 'ಯಾರ ಪಾಪ, ಇವನದೋ, ತಂದೆತಾಯಿಯದೋ' ಅಂತ ಕೇಳಿದಾಗ ಯೇಸು ಎರಡೂ ಅಲ್ಲ ಅಂದ.

ಇನ್ನೊಂದು ಕಡೆ ಮಾತ್ರ ಅವನ ಉತ್ತರ ಬೇರೆ ಥರ ಇದೆ. ಲೂಕನ ಸುವಾರ್ತೆ 13ನೇ ಅಧ್ಯಾಯ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಜಾಸ್ತಿ ಪಾಪಿಗಳಾಗಿದ್ದರೇ? ಇಲ್ಲ ಅಂದ ಯೇಸು. ಅಷ್ಟಕ್ಕೆ ನಿಲ್ಲಿಸಲಿಲ್ಲ. ನೀವು ತಿರುಗಿಕೊಳ್ಳದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ ಅಂದ. ಅಂದರೆ ಬಿದ್ದ ಬುರುಜು ಸತ್ತವರ ಪಾಪದ ಲೆಕ್ಕ ಹೇಳುವುದಿಲ್ಲ. ನೋಡುತ್ತಾ ನಿಂತಿರುವ ನಮ್ಮನ್ನು ಕರೆಯುತ್ತದೆ. ಕಷ್ಟವನ್ನು ಹೀಗೆ ಓದಬೇಕು. 'ಯಾಕೆ ಬಂತು' ಅನ್ನುವುದನ್ನು ದೇವರಿಗೆ ಬಿಟ್ಟು, 'ಬಂದದ್ದು ಬಂತು, ಈಗ ನನಗೆ ಏನು ಕಾಣಿಸುತ್ತಿದೆ' ಅಂತ ಕೇಳಿಕೊಳ್ಳಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ನಿಮ್ಮ ಕಷ್ಟ ಇನ್ನೊಬ್ಬರು ಕೊಡುತ್ತಿರುವ ಹಿಂಸೆಯಾದರೆ ತಿರುಗಿಕೊಳ್ಳಬೇಕಾದವರು ಅವರು. ಗಂಡನ ಏಟು ತಿನ್ನುತ್ತಿರುವ ತಂಗಿಗೆ 'ನಿನ್ನಲ್ಲೇನು ತಪ್ಪಿದೆ ನೋಡ್ಕೋ' ಅನ್ನುವುದು ಸುವಾರ್ತೆ ಅಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಹಾಗೆಯೇ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಳ್ಳುವುದು ವಿಶ್ವಾಸ ಕಡಿಮೆಯಾಗಿದೆ ಅನ್ನುವುದರ ಗುರುತಲ್ಲ.

2. ಮೊದಲು ಅತ್ತುಬಿಡಿ

ಪಾಪ ಹುಡುಕುವ ಮೊದಲು ನೋವು ಹೇಳಿಕೊಳ್ಳಿ. ಸತ್ಯವೇದದ ಕೀರ್ತನೆಗಳಲ್ಲಿ ಎಷ್ಟೊಂದು 'ಯೆಹೋವನೇ, ಎಷ್ಟರ ತನಕ' ಅಂತ ಕೂಗುತ್ತವೆ! 13ನೇ ಕೀರ್ತನೆ ಓದಿ. ಆರೇ ವಚನ, ಅದರಲ್ಲಿ 'ಎಷ್ಟರ ತನಕ' ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದನ್ನು ಬಾಯಿಬಿಟ್ಟು ಓದಿ. ಅಳು ನುಂಗಿಕೊಂಡು ಮಾಡುವ ಅರಿಕೆ ಬೇಗ ಒಣಗುತ್ತದೆ.

3. ತಪ್ಪಿಗೆ ಅದರದೇ ಹೆಸರು ಇಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರೂ ನೋಡದ ಹಾಗೆ ಇಡಬಹುದಾದದ್ದು. ಒಂದು ವಾರ, ದಿನಕ್ಕೆ ಅರ್ಧ ಗಂಟೆ. ಮೊದಲ ದಿನ 139ನೇ ಕೀರ್ತನೆಯ ಕೊನೆಯ ಎರಡು ವಚನ ಓದಿ, 'ದೇವರೇ, ನನ್ನನ್ನು ಪರೀಕ್ಷಿಸಿ ನೋಡು' ಅಂತ ಕೇಳಿ. ಆಮೇಲೆ ದಿನಕ್ಕೊಂದು ಜಾಗ ನೋಡಿ: ದುಡ್ಡು, ನಾಲಿಗೆ, ಮನೆ, ಫೋನ್, ಕೆಲಸದ ಜಾಗ, ಮಾತು ಬಿಟ್ಟ ಜನ. ಏನು ನೆನಪಾಗುತ್ತದೋ ಬರೆಯಿರಿ.

ಬರೆಯುವಾಗ ದೊಡ್ಡ ಪದಗಳನ್ನು ಬಿಡಿ. 'ನಾನು ಮಹಾ ಪಾಪಿ' ಅಂತ ಬರೆಯುವುದು ಸುಲಭ. ಅದರಿಂದ ಯಾರಿಗೂ ನೋವಾಗುವುದಿಲ್ಲ, ನಮಗೂ ಆಗುವುದಿಲ್ಲ. 'ಅವನ ಒಂದು ತಿಂಗಳ ಸಂಬಳ ಕೊಟ್ಟಿಲ್ಲ' ಅಂತ ಬರೆಯುವಾಗ ನನ್ನ ಕೈ ನಡುಗಿತು. ಅರಸ ದಾವೀದನಿಗೂ ಹಾಗೇ ಆಯಿತಲ್ವಾ? ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದ. ದಾವೀದ ಆ ಶ್ರೀಮಂತನ ಮೇಲೆ ಕೆಂಡವಾದ. 'ಆ ಮನುಷ್ಯ ನೀನೇ' ಅಂದಾಗ ತಾನು ಕಿತ್ತುಕೊಂಡ ಉರೀಯನ ಹೆಂಡತಿಯ ಹೆಸರು, ತಾನೇ ಮಾಡಿಸಿದ ಉರೀಯನ ಸಾವು, ಎಲ್ಲ ಎದುರಿಗೆ ಬಂತು. ಮುಚ್ಚಿಟ್ಟುಕೊಂಡಿದ್ದ ದಿನಗಳು ಹೇಗಿದ್ದವು ಅಂತ 32ನೇ ಕೀರ್ತನೆ ಹೇಳುತ್ತದೆ. ಮೂಳೆ ಸವೆದವು, ಬೇಸಿಗೆಯ ನೀರಿನ ಹಾಗೆ ಶಕ್ತಿ ಬತ್ತಿತು.

ನೋಟ್‌ಬುಕ್ಕಿನಲ್ಲಿ ಏನೂ ಬರದಿದ್ದರೆ ಬಲವಂತ ಮಾಡಬೇಡಿ. ಇಲ್ಲದ ಪಾಪ ಹುಟ್ಟಿಸಿಕೊಳ್ಳುವುದು ದೀನತೆಯಲ್ಲ. ಆ ದಿನದ ಪುಟ ಖಾಲಿ ಬಿಡಿ.

4. ಇದು ನೋವಿನ ಮಾತೋ, ತಿರುಗಿದ ಮನಸ್ಸೋ, ನೋಡಿಕೊಳ್ಳಿ

ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಆನೆಕಲ್ಲು ಸುರಿಯಿತು. ಇಸ್ರಾಯೇಲ್ಯರನ್ನು ಬಿಡದೆ ಹಿಡಿದಿಟ್ಟಿದ್ದ ಅರಸ ಫರೋಹ, ಅವರ ನಾಯಕ ಮೋಶೆಯನ್ನು ಕರೆಸಿ 'ನಾನು ಪಾಪ ಮಾಡಿದ್ದೇನೆ' ಅಂದ. ಮಾತು ಸರಿಯಾಗಿಯೇ ಇತ್ತು. ಯೆಹೋವನು ನ್ಯಾಯವಂತ, ನಾನೂ ನನ್ನ ಜನರೂ ತಪ್ಪಿತಸ್ಥರು ಅಂತಲೂ ಹೇಳಿದ. ಮಳೆ, ಆನೆಕಲ್ಲು, ಗುಡುಗು ನಿಂತದ್ದೇ ತಡ, ಮನಸ್ಸು ಮತ್ತೆ ಕಲ್ಲಾಯಿತು. ಮಿಡತೆ ಬಂದಾಗ ಅದೇ ಮಾತು ಇನ್ನೊಂದು ಸಾರಿ ಬಂತು.

ಇದು ನಮ್ಮೆಲ್ಲರ ಕಥೆ. 'ಸ್ವಾಮಿ, ಇದೊಂದು ಸಾರಿ ಪಾರು ಮಾಡು, ಇನ್ನು ಮುಂದೆ ತಪ್ಪದೆ ಸಭೆಗೆ ಬರ್ತೀನಿ' ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಹೇಳದವರು ಯಾರಿದ್ದಾರೆ? ಹರಕೆ ಹೊತ್ತು ಅತ್ತೂರಿಗೋ ವೇಳಾಂಕಣ್ಣಿಗೋ ಹೋಗಿ ಮೇಣದ ಬತ್ತಿ ಹಚ್ಚುವವರ ಭಕ್ತಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ದೇವರ ಜೊತೆ ಮಾಡುವ ಚೌಕಾಸಿಯೇ ಬೇರೆ, ತಿರುಗಿಕೊಳ್ಳುವುದೇ ಬೇರೆ.

ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿ: ನಾಳೆ ಬೆಳಗ್ಗೆ ಈ ಕಷ್ಟ ಪೂರ್ತಿ ಹೋಗಿಬಿಟ್ಟರೆ, ನೋಟ್‌ಬುಕ್ಕಿನಲ್ಲಿ ಬರೆದ ಆ ವಿಷಯ ಆಗಲೂ ನನಗೆ ನೋಯುತ್ತದೆಯೇ? ನೋಯುತ್ತದೆ ಅಂದರೆ ಅದು ಪೌಲನು ಕೊರಿಂಥದವರಿಗೆ ಬರೆದ 'ದೇವರ ಚಿತ್ತಾನುಸಾರವಾದ ದುಃಖ'. ಇಲ್ಲ ಅಂದರೆ ಸದ್ಯಕ್ಕೆ ಕಷ್ಟ ಮಾತ್ರ ನೋಯುತ್ತಿದೆ. ಅದನ್ನೂ ದೇವರಿಗೆ ಇದ್ದ ಹಾಗೇ ಹೇಳಿ. 'ನನಗೆ ಇನ್ನೂ ಪಾಪದ ಮೇಲೆ ದುಃಖ ಬಂದಿಲ್ಲ, ಕೊಡು' ಅಂತ ಕೇಳುವುದೂ ಒಂದು ಪ್ರಾರ್ಥನೆಯೇ.

5. ದೇವರಿಗೆ ಹೇಳಿ, ಒಬ್ಬ ಮನುಷ್ಯನಿಗೂ ಹೇಳಿ

51ನೇ ಕೀರ್ತನೆಯನ್ನು ಮೊಣಕಾಲೂರಿ ಓದಿ. ಮಧ್ಯದಲ್ಲಿ ನಿಲ್ಲಿಸಿ, ಬರೆದದ್ದನ್ನು ಹಾಗೇ ಹೇಳಿ. ಆಮೇಲೆ ಯೋಹಾನನ ಮೊದಲ ಪತ್ರಿಕೆ 1:9. ಒಪ್ಪಿಕೊಂಡರೆ ಕ್ಷಮಿಸಲು ಆತನು ನಂಬಿಗಸ್ತನು ಅಂತ ಅಲ್ಲಿದೆ. ನಾವು ಎಷ್ಟು ಕಷ್ಟಪಟ್ಟೆವು ಅನ್ನುವುದರ ಮೇಲೆ ಕ್ಷಮೆ ನಿಂತಿಲ್ಲ. ಯೇಸುವಿನ ರಕ್ತದ ಮೇಲೆ ನಿಂತಿದೆ. ಎರಡೂವರೆ ತಿಂಗಳಲ್ಲ, ಎರಡೂವರೆ ವರ್ಷ ಮಲಗಿದ್ದರೂ ನನ್ನ ಒಂದು ಪಾಪ ತೊಳೆದುಹೋಗುತ್ತಿರಲಿಲ್ಲ.

ಕಥೋಲಿಕರಾದರೆ ಪಾಪನಿವೇದನೆಗೆ ಹೋಗಿ. ಉಳಿದ ಸಭೆಗಳವರು ಪಾಸ್ಟರ್ ಹತ್ತಿರವೋ ಬಾಯಿ ಭದ್ರವಿರುವ ಒಬ್ಬ ಹಿರಿಯ ವಿಶ್ವಾಸಿಯ ಹತ್ತಿರವೋ ಹೇಳಿ. ಹೆಂಗಸರು ಹೆಂಗಸರಿಗೆ, ಗಂಡಸರು ಗಂಡಸರಿಗೆ ಹೇಳುವುದು ಒಳ್ಳೆಯದು. ಸಾಕ್ಷಿ ಹೇಳುವ ಹೊತ್ತಿನಲ್ಲಿ ಮೈಕ್ ಹಿಡಿದು ಎಲ್ಲರ ಮುಂದೆ ಹೇಳಬೇಕಾಗಿಲ್ಲ. ಬೇರೆಯವರ ಮಾನವೂ ಅದರಲ್ಲಿ ಸೇರಿದ್ದರೆ ಖಂಡಿತ ಬೇಡ.

6. ಕೊಡಬೇಕಾದದ್ದನ್ನು ಕೊಟ್ಟುಬಿಡಿ

ನನ್ನ ಅನುಭವದಲ್ಲಿ ಜಾಸ್ತಿ ಜನ ನಿಂತುಬಿಡುವುದು ಇಲ್ಲೇ. ಐದನೇ ಹೆಜ್ಜೆಯ ನಂತರ ಮನಸ್ಸು ಹಗುರಾಗುತ್ತದೆ. ಹಗುರಾದ ಮನಸ್ಸು 'ಆಯ್ತಲ್ಲ' ಅನ್ನುತ್ತದೆ. ಆಗಿರುವುದಿಲ್ಲ.

ಸತ್ಯವೇದದ ಅರಣ್ಯಕಾಂಡ ಅನ್ನುವ ಪುಸ್ತಕದ ಐದನೇ ಅಧ್ಯಾಯದಲ್ಲಿ ಇದಕ್ಕೆ ಲೆಕ್ಕ ಇದೆ. ತಪ್ಪು ಮಾಡಿದವನು ಪಾಪವನ್ನು ಒಪ್ಪಿಕೊಳ್ಳಬೇಕು. ನಷ್ಟವನ್ನು ಪೂರ್ತಿ ತುಂಬಿಕೊಡಬೇಕು. ಅದರ ಮೇಲೆ ಐದನೇ ಒಂದು ಭಾಗ ಸೇರಿಸಬೇಕು. ಯೇಸುವಿನ ಕಾಲದ ಸುಂಕ ವಸೂಲಿಗಾರ ಜಕ್ಕಾಯ ಅದಕ್ಕಿಂತ ತುಂಬಾ ಮುಂದೆ ಹೋದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಅಂದ. ಇಷ್ಟು ಮಾಡು ಅಂತ ಯೇಸು ಅವನಿಗೆ ಹೇಳಿರಲಿಲ್ಲ. ಮನೆಗೆ ಬಂದ, ಅಷ್ಟೇ. ಕೊಡುವ ಆಸೆ ಅವನೊಳಗೆ ತಾನಾಗಿ ಹುಟ್ಟಿತು.

ನಾನು ಅರಣ್ಯಕಾಂಡದ ಲೆಕ್ಕ ಹಿಡಿದೆ. 9,000ಕ್ಕೆ ಐದನೇ ಒಂದು ಭಾಗ 1,800. ಒಟ್ಟು 10,800. ಹಮಾಲರನ್ನು ವಿಚಾರಿಸಿ ಅವನ ನಂಬರ್ ಪತ್ತೆ ಮಾಡಿದೆ. ಬೇರೆ ಊರಿನ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದ. ಊರುಗೋಲು ಹಿಡಿದು ಬಸ್ಸಿನಲ್ಲಿ ಹೋದೆ. ಅವನು ಕೈ ಹಿಡಿದು ಅಳಲಿಲ್ಲ, ನಗಲೂ ಇಲ್ಲ. ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡ. 'ಆ ತಿಂಗಳು ಮಗಳಿಗೆ ಜ್ವರ ಇತ್ತು ಅಣ್ಣಾ, ಬಡ್ಡಿಗೆ ತಂದಿದ್ದೆ' ಅಂದ. ಅಷ್ಟೇ ಮಾತು. ನನಗೆ ಆ ಬಡ್ಡಿಯ ಲೆಕ್ಕ ಗೊತ್ತಿರಲಿಲ್ಲ. ಕೇಳಿ, ಅದನ್ನೂ ಕೊಟ್ಟು ಬಂದೆ.

ನೀವು ಹೋಗುವ ಮೊದಲು ಕೆಲವು ವಿಷಯ ನೆನಪಿಡಿ. ಎದುರಿನವರು ಕ್ಷಮಿಸಲೇಬೇಕು ಅಂತ ಹೋಗಬೇಡಿ. ಕೊಡುವುದು ನಮ್ಮ ಪಾಲು, ಕ್ಷಮಿಸುವುದು ಅವರ ಪಾಲು, ಅದಕ್ಕೆ ಅವರಿಗೆ ಸಮಯ ಬೇಕಾಗಬಹುದು. 'ನೀನೂ ಆಗ ಹಾಗೆ ಮಾತಾಡಿದೆ' ಅಂತ ಸೇರಿಸಬೇಡಿ. ಅದು ಬಂದ ತಕ್ಷಣ ಕ್ಷಮೆ ಕೇಳುವುದು ಮುಗಿದು ಜಗಳ ಶುರುವಾಗುತ್ತದೆ. ಒಂದೇ ಸಾರಿ ಕೊಡುವಷ್ಟು ದುಡ್ಡಿಲ್ಲದಿದ್ದರೆ ಕಂತಿನಲ್ಲಿ ಕೊಡುತ್ತೇನೆ ಅಂತ ಬರೆದುಕೊಡಿ, ಮೊದಲ ಕಂತನ್ನು ಅಂದೇ ಕೊಡಿ. ಆ ವ್ಯಕ್ತಿ ತೀರಿಹೋಗಿದ್ದರೆ ಮನೆಯವರಿಗೆ ಕೊಡಿ. ಯಾರೂ ಇಲ್ಲದಿದ್ದರೆ ಅದು ಯೆಹೋವನಿಗೆ ಸೇರಬೇಕು ಅಂತ ಅದೇ ಅಧ್ಯಾಯ ಹೇಳುತ್ತದೆ. ಸಭೆಯ ಬಡವರ ನಿಧಿಗೆ ಹಾಕಬಹುದು. ನಮ್ಮನ್ನು ನೋಡಿದರೆ ಅವರಿಗೆ ಹೆದರಿಕೆಯೋ ಹೊಸ ನೋವೋ ಆಗುತ್ತದೆ ಅಂದರೆ ನೇರವಾಗಿ ಹೋಗಬೇಡಿ. ಮೊದಲು ಪಾಸ್ಟರ್ ಹತ್ತಿರ ಮಾತಾಡಿ.

7. ಒಂದೇ ಒಂದು ವಿಧೇಯತೆ, ತಾರೀಖು ಹಾಕಿ

ಬಾಬೆಲಿನ ಸೆರೆಯಿಂದ ಹಿಂದಿರುಗಿದ ಯೆಹೂದ್ಯರು ತಮ್ಮ ಮನೆಗಳಿಗೆ ಹಲಗೆ ಹೊದಿಸಿಕೊಂಡರು. ದೇವಾಲಯ ಮಾತ್ರ ಹಾಳುಬಿದ್ದಿತ್ತು. ಬೆಳೆ ಕೈಕೊಟ್ಟಿತ್ತು. ದುಡಿದವನ ಕೂಲಿ ತೂತು ಚೀಲದಲ್ಲಿ ಹಾಕಿದ ಹಾಗೆ ಸೋರಿಹೋಗುತ್ತಿತ್ತು. ಕ್ರಿಸ್ತಪೂರ್ವ 520ರಲ್ಲಿ ಹಗ್ಗಾಯ ಪ್ರವಾದಿ ಬಂದು, ನಿಮ್ಮ ನಡತೆಯನ್ನು ಯೋಚಿಸಿ ನೋಡಿ, ಬೆಟ್ಟ ಹತ್ತಿ ಮರ ತನ್ನಿ ಅಂದ. ಆ ಪುಸ್ತಕದಲ್ಲಿ ತಾರೀಖುಗಳಿವೆ. ಆರನೇ ತಿಂಗಳ ಮೊದಲ ದಿನ ಮಾತು ಬಂತು, ಅದೇ ತಿಂಗಳ 24ನೇ ದಿನ ಕೆಲಸ ಶುರುವಾಯಿತು. ಮಧ್ಯೆ 23 ದಿನ.

ನಾನು ಈ 23 ದಿನವನ್ನು ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಸತ್ಯವೇದದ ಆಜ್ಞೆ ಅಂತಲ್ಲ, ನನಗೆ ಸಹಾಯವಾಗುತ್ತದೆ ಅಂತ. ಇಡೀ ಬದುಕನ್ನು ಬದಲಾಯಿಸುತ್ತೇನೆ ಅಂತ ಹೊರಡಬೇಡಿ. ನೋಟ್‌ಬುಕ್ಕಿನಿಂದ ಒಂದೇ ಸಾಲು ಆರಿಸಿ. ಅದರ ಎದುರು ಮಾಡುವ ಕೆಲಸ ಬರೆಯಿರಿ, 23 ದಿನದೊಳಗಿನ ಒಂದು ತಾರೀಖು ಹಾಕಿ, ಐದನೇ ಹೆಜ್ಜೆಯಲ್ಲಿ ಹೇಳಿಕೊಂಡ ಆ ಒಬ್ಬರಿಗೆ ತಾರೀಖು ತಿಳಿಸಿ. ತಮ್ಮನಿಗೆ ಫೋನ್ ಮಾಡುವುದು. ಆ ಆ್ಯಪ್ ತೆಗೆದುಹಾಕುವುದು. ಸುಳ್ಳು ಬಿಲ್ ಬರೆಯುವುದನ್ನು ನಿಲ್ಲಿಸುವುದು. ಮದ್ಯಪಾನವಾದರೆ ಒಬ್ಬರೇ ಹೋರಾಡಬೇಡಿ. ವ್ಯಸನಮುಕ್ತಿ ಕೇಂದ್ರಕ್ಕೆ ಹೋಗುವ ದಿನವನ್ನೇ ತಾರೀಖಾಗಿ ಬರೆಯಿರಿ.

8. ಕಷ್ಟ ಹಾಗೇ ಉಳಿದರೆ

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಯೆಹೂದ ದೇಶದ ಅರಸ ಮನಸ್ಸೆ. ಹಿಜ್ಕೀಯನಂಥ ಒಳ್ಳೆಯ ಅರಸನ ಮಗ. 12ನೇ ವಯಸ್ಸಿಗೆ ಪಟ್ಟಕ್ಕೆ ಬಂದು 55 ವರ್ಷ ಆಳಿದ. ದೇವಾಲಯದ ಒಳಗೇ ವಿಗ್ರಹ ನಿಲ್ಲಿಸಿದ. ಬೆನ್‌ಹಿನ್ನೋಮ್ ಕಣಿವೆಯಲ್ಲಿ ತನ್ನ ಮಕ್ಕಳನ್ನೇ ಬೆಂಕಿಗೆ ಕೊಟ್ಟ. ಯೆಹೂದದ ಅರಸರಲ್ಲಿ ಇವನಿಗಿಂತ ಕೆಟ್ಟವನನ್ನು ಹುಡುಕುವುದು ಕಷ್ಟ. ಅಶ್ಶೂರದ (ಅಸ್ಸೀರಿಯಾದ) ಅರಸ ಏಸರ್‌ಹದ್ದೋನನ ಶಾಸನದಲ್ಲೂ ಅವನಿಗೆ ಮರ ಸಾಗಿಸಿದ ಸಾಮಂತರ ಪಟ್ಟಿಯಲ್ಲಿ ಯೆಹೂದದ ಮನಸ್ಸೆಯ ಹೆಸರಿದೆ. ಅಂಥ ಅರಸನನ್ನು ಅಶ್ಶೂರದ ಸೇನಾಪತಿಗಳು ಕೊಂಡಿ ಹಾಕಿ, ಬೇಡಿ ತೊಡಿಸಿ ಬಾಬೆಲಿಗೆ ಒಯ್ದರು.

ಎರಡನೇ ಪೂರ್ವಕಾಲವೃತ್ತಾಂತ 33ನೇ ಅಧ್ಯಾಯ ಹೇಳುತ್ತದೆ: ಆ ಇಕ್ಕಟ್ಟಿನಲ್ಲಿ ಅವನು ತನ್ನನ್ನು ಬಹಳವಾಗಿ ತಗ್ಗಿಸಿಕೊಂಡು ಪ್ರಾರ್ಥಿಸಿದ. ದೇವರು ಕೇಳಿದ. ಮತ್ತೆ ಜೆರುಸಲೇಮಿಗೆ ಕರೆತಂದ. ಬಂದವನು ಕೈಕಟ್ಟಿ ಕೂರಲಿಲ್ಲ. ಗೀಹೋನಿನ ಪಶ್ಚಿಮದಿಂದ ಮೀನುಬಾಗಿಲಿನ ತನಕ ಹೊರಗೋಡೆ ಕಟ್ಟಿಸಿದ. ತಾನೇ ನಿಲ್ಲಿಸಿದ ವಿಗ್ರಹವನ್ನು ತಾನೇ ಊರಾಚೆ ಎಸೆಸಿದ. ಯೆಹೋವನ ಯಜ್ಞವೇದಿಯನ್ನು ಸರಿಪಡಿಸಿದ.

ಆದರೂ ಎಲ್ಲ ಸರಿಹೋಗಲಿಲ್ಲ. ಜನ ಹಳೆಯ ಪೂಜಾಸ್ಥಳಗಳನ್ನು ಬಿಡಲಿಲ್ಲ. ಸುಟ್ಟುಹೋದ ಮಕ್ಕಳು ಹಿಂದೆ ಬರಲಿಲ್ಲ. ಅವನ ಮೊಮ್ಮಗ ಯೋಷೀಯ ಅಷ್ಟು ದೊಡ್ಡ ಸುಧಾರಣೆ ಮಾಡಿದ ಮೇಲೂ, ಮನಸ್ಸೆ ಎಬ್ಬಿಸಿದ ಕೋಪ ಆರಲಿಲ್ಲ ಅಂತ ಅರಸುಗಳ ಪುಸ್ತಕ ಬರೆಯುತ್ತದೆ. ಅವನು ಕ್ಷಮೆ ಪಡೆದ ಮನುಷ್ಯ. ಆದರೂ ಅವನು ಹಿಂದೆ ಮಾಡಿದ್ದರ ಫಲ ದೇಶದಲ್ಲಿ ಉಳಿಯಿತು.

ಆದ್ದರಿಂದ ನೀವು ತಿರುಗಿಕೊಂಡ ಮೇಲೂ ಸಾಲ ಸಾಲವಾಗಿಯೇ ಇದ್ದರೆ, ಕಾಯಿಲೆ ವಾಸಿಯಾಗದಿದ್ದರೆ, ದೇವರು ಕ್ಷಮಿಸಿಲ್ಲ ಅಂತ ತಿಳಿಯಬೇಡಿ. ನನ್ನ ಕಾಲು ಈಗಲೂ ಚಳಿಗೆ ನೋಯುತ್ತದೆ. ದಾರಿ ಮಾತ್ರ ಬದಲಾಗಿದೆ. ಗೋಡೆ ಕಟ್ಟುವ ಕೆಲಸ ದಿನಾ ಇದೆ. ತಿಂಗಳಿಗೊಂದು ಸಾರಿ, ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಹಿಂದಿನ ರಾತ್ರಿ, ನೋಟ್‌ಬುಕ್ ತೆಗೆದು ನೋಡುವುದನ್ನು ಇಟ್ಟುಕೊಳ್ಳಿ. ಮತ್ತೆ ಬಿದ್ದಿದ್ದರೆ ಮೂರನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.

9. ಮನೆಯಲ್ಲಿ ಮಕ್ಕಳಿಗೆ ಹೇಳಿ

ಮನಸ್ಸೆಯ ಮಗ ಆಮೋನ ಪಟ್ಟಕ್ಕೆ ಬಂದಾಗ 22 ವರ್ಷ. ಅಪ್ಪ ಹಿಂದೆ ಮಾಡಿದ್ದನ್ನೇ ಮಾಡಿದ, ಅಪ್ಪ ತಗ್ಗಿಸಿಕೊಂಡ ಹಾಗೆ ತಗ್ಗಿಸಿಕೊಳ್ಳಲಿಲ್ಲ. ಎರಡೇ ವರ್ಷಕ್ಕೆ ಅವನ ಸೇವಕರೇ ಅವನನ್ನು ಕೊಂದರು. ಇದನ್ನು ಓದಿದಾಗಲೆಲ್ಲ ನನಗೆ ನನ್ನ ಮನೆ ನೆನಪಾಗುತ್ತದೆ. ಮಕ್ಕಳು ನಮ್ಮ ತಪ್ಪನ್ನು ನೋಡಿಯೇ ಇರುತ್ತಾರೆ. ತಿರುಗಿದ್ದನ್ನು ನಾವು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ನನ್ನ ಮಗಳಿಗೆ ಹೇಳಲು ನಾನು ತುಂಬಾ ತಡ ಮಾಡಿದೆ. ಕೊನೆಗೆ ಒಂದು ರಾತ್ರಿ ಊಟದ ನಂತರ ಸಂಬಳದ ಕಥೆ ಪೂರ್ತಿ ಹೇಳಿದೆ. ಅವಳು ಜಾಸ್ತಿ ಏನೂ ಕೇಳಲಿಲ್ಲ. ಈಗ ಅಂಗಡಿಯ ಸಂಬಳದ ಪುಸ್ತಕ ಬರೆಯುವುದು ಅವಳೇ. ಯಾರಾದರೂ ಕೆಲಸ ಬಿಟ್ಟುಹೋದರೆ ಅಂದೇ ಸಂಜೆ ಲೆಕ್ಕ ಹಾಕಿ ಕವರಿನಲ್ಲಿ ದುಡ್ಡಿಟ್ಟು, 'ಅಪ್ಪಾ, ಇದನ್ನ ಇವತ್ತೇ ಕೊಟ್ಟು ಬಾ' ಅಂತ ನನ್ನ ಕೈಗೆ ಕೊಡುತ್ತಾಳೆ.